ಗಡಿಕಲ್ಲಿನ ಎಲೆಯಡಿಕೆ

"ದನಾನೇ ವಾಸಿ ಕಣೇ ಲೌಡಿ. ಹೊತ್ತು ಮುಳುಗಿದ್ರೆ ತಾನಾಗೇ ಕೊಟ್ಟಿಗೆಗೆ ಬರ್ತದೆ. ನಿನ್ ಗಂಡನಿಗೆ ಆ ನಿಯತ್ತೂ ಇಲ್ಲ."

ರಾಮಾಂಜಿನಪ್ಪ ಗೌಡ ಹಗ್ಗದ ಸುರುಳಿಯನ್ನು ಕೊಂಡಮ್ಮನ ಕಾಲ ಬಳಿ ಎಸೆದ. "ರೆಡ್ಡಿ ಹೇಳಿಕಳಿಸವ್ನೆ. ನಡಿ, ಕಲ್ಲಿನ ತಾವ ಹೋಗಣ. ಗಂಡನ್ನ ನೀನೇ ಹಿಡ್ಕೊಂಡು ಬಾ, ನೋಡೋರಿಗೂ ಬುದ್ಧಿ ಬರ್ಲಿ."

ಕೊಂಡಮ್ಮ ಬಗ್ಗಿ ಹಗ್ಗ ಎತ್ತಿಕೊಂಡಳು. ಎತ್ತದೆ ಏನು ಮಾಡಿಯಾಳು?

ಊರಾಚೆ, ಕಡಲೆಕಾಯಿ ಹೊಲಗಳ ನಡುವೆ, ಮೊಣಕಾಲೆತ್ತರದ ಗಡಿಕಲ್ಲು. ಈಚೆ ಗೌರಿಬಿದನೂರು ತಾಲೂಕು, ಆಚೆ ಆಂಧ್ರ. ದನಗಳಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು, ಮೇಯುತ್ತ ದಾಟಿಬಿಡುತ್ತವೆ. ಗೌಡನ ಎತ್ತು ಆಚೆ ಹೋದರೆ ಅಲ್ಲಿಯ ಜಮೀನ್ದಾರ ರೆಡ್ಡಿ ಕಟ್ಟಿಹಾಕಿ, ಮೇವು ಹಾಕಿ, ಹೇಳಿಕಳಿಸುತ್ತಾನೆ. ರೆಡ್ಡಿಯ ಎಮ್ಮೆ ಈಚೆ ಬಂದರೆ ಗೌಡನೂ ಹಾಗೆಯೇ. ಅರಿಸಿನ ಕುಂಕುಮ ಬಳಿದ ಆ ಕಲ್ಲನ್ನು ಕೊಂಡಮ್ಮನ ಕೇರಿಯವರು ಮುಟ್ಟುವಂತಿಲ್ಲ. ಅದರ ಮೇಲೆ ಎಲೆಯಡಿಕೆ ಇಟ್ಟು, ಹಗ್ಗವನ್ನು ಕೈಯಿಂದ ಕೈಗೆ ಕೊಟ್ಟರೆ ಮುಗಿಯಿತು. ಅಪ್ಪಂದಿರ ಕಾಲದ ಸ್ನೇಹ ಎಂದು ಎರಡೂ ಊರಿನವರು ಹೊಗಳುತ್ತಿದ್ದರು. ಆ ಸ್ನೇಹ ಓಡಿಹೋದ ಜೀತದಾಳಿಗೂ ಸಲ್ಲುತ್ತದೆಂದು ಕೊಂಡಮ್ಮನಿಗೆ ತಿಳಿದದ್ದು ನಿನ್ನೆ.

ಗಂಡ ನಲ್ಲಪ್ಪನನ್ನು ಅವಳೇ ಕಳಿಸಿದ್ದಳು. ಆಚೆಯ ಊರು ಅವಳ ತವರು. "ನಮ್ಮಣ್ಣ ಅವ್ನೆ. ಅಲ್ಲೀಗಂಟ ಗೌಡನ ಕೈ ಚಾಚಾಕಿಲ್ಲ. ನೀನು ಮುಂದೆ ಹೋಗು, ನಾನು ಹಿಂದೇನೇ ಬರ್ತೀನಿ" ಎಂದಿದ್ದಳು. ಆ ಬಾಯಿಗೆ ಮಣ್ಣು ಬೀಳ.

ರೆಡ್ಡಿಯ ಕೊಟ್ಟಿಗೆಯಲ್ಲಿ ನಲ್ಲಪ್ಪನನ್ನು ಕಟ್ಟಿಹಾಕಿದ್ದಾರೆಂದು ಕೇಳಿದವಳೇ ಠಾಣೆಗೆ ಓಡಿದ್ದಳು. "ಜೀತ ತೆಗೆದುಹಾಕಿ ಹತ್ತು ವರ್ಷ ಆಯ್ತಂತಲ್ಲ ಸ್ವಾಮಿ" ಎಂದರೆ ದಫೇದಾರ ಹಲ್ಲುಸಂದಿ ಕೆದಕುತ್ತ, "ಕಟ್ಟಿರೋದು ಕಲ್ಲಿನ ಆಚೆ ಅಲ್ವೇನೇ. ಆಂಧ್ರದೋರ ಹತ್ರ ಹೋಗು" ಎಂದ. ಹೋದಳು. ಅಲ್ಲಿಯವನು ತಲೆಯನ್ನೂ ಎತ್ತಲಿಲ್ಲ. "ನೀ ಮೊಗುಡು ಕರ್ನಾಟಕ ವಾಡು ಕದಾ. ಅಕ್ಕಡೇ ಚೆಪ್ಪುಕೋ, ಪೋ." ಗಂಡ ಕರ್ನಾಟಕದವನು, ಅಲ್ಲೇ ಹೇಳಿಕೋ ಹೋಗು. ಎರಡು ಸರ್ಕಾರದ ಪೊಲೀಸರೂ ದಾಟಲಾರದ ಕಲ್ಲನ್ನು ಗೌಡನ ಒಂದು ಮಾತು ದಾಟಿಹೋಗಿತ್ತು.

ಕಲ್ಲಿನ ಆಚೆ ರೆಡ್ಡಿ ಆಗಲೇ ಬಂದು ನಿಂತಿದ್ದ. ನಲ್ಲಪ್ಪನ ತುಟಿ ಒಡೆದಿತ್ತು, ಕೊರಳಲ್ಲಿ ಹಗ್ಗವಿತ್ತು. ಹಗ್ಗದ ತುದಿ ಹಿಡಿದಿದ್ದವನು ಅವಳ ಅಣ್ಣ ಗಂಗುಲಪ್ಪ.

"ನೀನೇನಾ ಅಣ್ಣ?"

"ನಾನೇನ್ ಮಾಡ್ಲಮ್ಮ. ನನ್ ಹೆಂಡ್ತಿ ಮಕ್ಳು ರೆಡ್ಡಿ ಕೈಯಾಗೇ ಅವ್ರೆ." ಅವನು ನೆಲ ನೋಡುತ್ತಿದ್ದ.

ಗೌಡ ಎಲೆಯಡಿಕೆ ಇಟ್ಟ. ರೆಡ್ಡಿ ತೆಗೆದು ಬಾಯಿಗೆ ಹಾಕಿಕೊಂಡ. "ನಿನ್ನ ಎತ್ತು ಸೊರಗೈತೆ ಬಾವಾ, ಮೇವು ಸಾಲ್ದಾ?" ಇಬ್ಬರೂ ನಕ್ಕರು.

ನಲ್ಲಪ್ಪ ಮುಖ ಎತ್ತಿದ. "ಗೌಡ್ರ ಮನೆಗೇ ಹೋಗಣ ಕೊಂಡಮ್ಮ. ನನ್ ಕೈಲಾಗಲ್ಲ."

ಕೊಂಡಮ್ಮ ಕೈಯಲ್ಲಿದ್ದ ಹಗ್ಗ ಬಿಸಾಡಿ, ಸೀದಾ ಹೋಗಿ ಗಡಿಕಲ್ಲಿನ ಮೇಲೆ ಕುಳಿತುಬಿಟ್ಟಳು.

"ಏ ಮುಂಡೆ, ಕಲ್ಲು ಮೈಲಿಗೆ ಮಾಡ್ತೀಯ? ಏಳೇ ಮೇಲೆ," ಎಂದ ಗೌಡ.

"ಈಗ ನಾನು ಯಾವ ಕಡೆಯೋಳು ಹೇಳಿ. ಯಾವ ಪೊಲೀಸ್ನೋರ್ನ ಕರೀತೀರ ಕರೀರಿ. ಇಲ್ಲ ನೀವೇ ಬನ್ನಿ. ಮುಟ್ಟಿ ಎಬ್ಬಿಸಿ."

ಮುಟ್ಟಲು ಇಬ್ಬರೂ ಹೇಸಿದರು. "ಲೇ ನಲ್ಲ, ಎಳೆದುಹಾಕೋ ಅವಳ್ನ," ಎಂದ ಗೌಡ.

ಗಂಗುಲಪ್ಪ ಹಗ್ಗ ಸಡಿಲ ಬಿಟ್ಟ, ನಲ್ಲಪ್ಪ ಬಂದ. ಹೆಂಡತಿಯ ಮುಖ ನೋಡಿದ. ಅವಳ ಕಾಲ ಬಳಿ ಕುಕ್ಕರಿಸಿ, ಕಲ್ಲಿಗೆ ಬೆನ್ನು ಕೊಟ್ಟು ಕುಳಿತ.

ರೆಡ್ಡಿ ಎಲೆಯಡಿಕೆ ಉಗಿದು ಗಂಗುಲಪ್ಪನ ಕಡೆ ತಿರುಗಿದ. "ಲಾಗರಾ. ಎಳಿ."

ಕೊಂಡಮ್ಮ ಗಂಡನ ಕೊರಳ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. "ಎಳಿ ಅಣ್ಣ," ಎಂದಳು. "ನನ್ನ ನೋಡ್ಕೊಂಡು ಎಳಿ."

ಗಂಗುಲಪ್ಪ ಕಣ್ಣು ಮುಚ್ಚಿ, ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.