ನೆರಳಿಲ್ಲದ ನಾಡಿಗೆ ಬೀಗ

"ಬೀಗ ತೆಗೀರಿ" ಎಂದಳು ಬಸಮ್ಮ.

ಪಂಚಾಯಿತಿ ಗ್ರಂಥಾಲಯದ ಬಾಗಿಲಲ್ಲಿ ಅವಳು ನಿಂತ ರೀತಿ ನೋಡಿ ಗ್ರಂಥಪಾಲಕ ಓಬಳೇಶ ಕುರ್ಚಿಯಿಂದ ಅರ್ಧ ಎದ್ದ. ಶೇಂಗಾ ಕೀಳುತ್ತಿದ್ದವಳು ಹೊಲದಿಂದ ನೇರ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮೊಣಕೈವರೆಗೂ ಕೆಮ್ಮಣ್ಣು. ಬೆನ್ನ ಹಿಂದೆ ಮೊಮ್ಮಗಳು ಮೇಘಶ್ರೀ, ನಿಲ್ಲುವುದೋ ಓಡಿಹೋಗುವುದೋ ತಿಳಿಯದೆ ಅಜ್ಜಿಯ ಸೀರೆ ಹಿಡಿದುಕೊಂಡಿದ್ದಳು.

"ಯಾವ ಬೀಗ ಅಜ್ಜಿ?"

"ಆ ಗಾಜಿನ ಬೀರೂದು."

ಧರ್ಮಪುರದಿಂದ ಆಂಧ್ರದ ಗಡಿಯ ಕಡೆಗಿದ್ದ ಆ ಸಣ್ಣ ಊರಿಗೆ ಮಕ್ಕಳ ಹೊಸ ಪುಸ್ತಕಗಳು ಬಂದದ್ದು ಬಿತ್ತನೆಯ ಹೊತ್ತಿಗೆ. ಆರನೇ ತರಗತಿಯ ಮೇಘಶ್ರೀ ಶಾಲೆ ಬಿಟ್ಟ ಮೇಲೆ ಗ್ರಂಥಾಲಯದಲ್ಲಿ ಕೂತು ಓದುವಳು. ಸಂಜೆ ಮನೆಗೆ ಬಂದು, ಓದು ಬಾರದ ಅಜ್ಜಿಗೆ ಅಂದಂದಿನ ಕಥೆಯನ್ನು ಒಪ್ಪಿಸುವಳು. ಬೇರೆ ಕಥೆಗಳಿಗೆ ಬಸಮ್ಮ ಸುಮ್ಮನೆ ಹೂಂಗುಟ್ಟುತ್ತಿದ್ದಳು. ನೆರಳಿಲ್ಲದ ನಾಡಿನ ಕಥೆ ಶುರುವಾದ ಮೇಲೆ ಮಾತ್ರ ಮೊಮ್ಮಗಳು ಬರುವ ದಾರಿ ಕಾಯತೊಡಗಿದಳು.

ಆ ನಾಡಿನಲ್ಲಿ ಯಾರಿಗೂ ನೆರಳಿರಲಿಲ್ಲ. ಜನರ ನೆರಳನ್ನೆಲ್ಲ ದೊರೆ ಕಂದಾಯವೆಂದು ಕಿತ್ತುಕೊಂಡು, ಬೆಟ್ಟದ ಗುಹೆಯೊಂದರಲ್ಲಿ ಕೂಡಿಹಾಕಿ, ಬೇಕಾದಾಗ ತೆಗೆದು ತನ್ನ ಅರಮನೆಯ ಮೇಲೆ ಹೊದಿಸಿಕೊಳ್ಳುತ್ತಿದ್ದ. ಮರಗಳ ಕೆಳಗೂ ಬಿಸಿಲೇ.

"ಮರದ ನೆರಳನ್ನೂ ಬಿಡ್ಲಿಲ್ವಾ ಮುಂಡೇಮಗ?" ಎಂದು ಬಸಮ್ಮ ಅಂದು ಉಣ್ಣುವ ತುತ್ತು ತಟ್ಟೆಯಲ್ಲೇ ಬಿಟ್ಟಿದ್ದಳು. ಬಿಸಿಲು ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಳುಬಾವಿಯ ಮೆಟ್ಟಿಲಿಳಿದು ಆ ನಾಡಿಗೆ ಹೋದ ನೀಲಿ ಎಂಬ ಹುಡುಗಿ ನೆರಳುಗಳನ್ನು ಬಿಡಿಸಲೆಂದು ಗುಹೆಯೊಳಗೆ ನುಗ್ಗಿದಳು. ದೊರೆಯ ಆಳುಗಳು ಹೊರಗಿನಿಂದ ಬಂಡೆ ಉರುಳಿಸಿ ಬಾಯಿ ಮುಚ್ಚಿದರು. ಅಷ್ಟರಲ್ಲಿ ಗ್ರಂಥಾಲಯ ಮುಚ್ಚುವ ಹೊತ್ತಾಯಿತು. ಮರುದಿನ ಮೇಘಶ್ರೀ ಹೋದಾಗ ಬೀರುವಿಗೆ ಬೀಗ ಬಿದ್ದಿತ್ತು. ಮೇಲಿನವರು ಗ್ರಂಥಾಲಯ ನೋಡಲು ಬರುತ್ತಾರಂತೆ, ಅಲ್ಲಿಯವರೆಗೆ ಪುಸ್ತಕ ಮುಟ್ಟುವಂತಿಲ್ಲವಂತೆ.

ಮೇಲಿನವರು ಬರಲಿಲ್ಲ. ಶೇಂಗಾ ಕಾಯಿ ಕಟ್ಟಿತು, ಕೀಳುವ ಕಾಲವೂ ಬಂತು. ಹುಡುಗಿ ದಿನಾ ಹೋಗಿ ಗಾಜಿನಾಚೆ ಪುಸ್ತಕದ ಬೆನ್ನು ನೋಡಿ ಬರುತ್ತಿದ್ದಳು. "ಮುಂದಿಂದು ನಾನೇ ಹೇಳ್ಲಾ ಅಜ್ಜಿ?" ಎಂದರೆ ಬಸಮ್ಮ ಒಪ್ಪುತ್ತಿರಲಿಲ್ಲ. "ಬ್ಯಾಡ. ಅಲ್ಲೇನಾಗೈತೋ ಅದು ಬೇಕು." ಈ ದಿನ ಮೇಘಶ್ರೀ ಇನ್ನೊಮ್ಮೆ ಕೇಳಿದ್ದಕ್ಕೆ ಓಬಳೇಶ, "ನಿನ್ನ ಕೈ ನೋಡ್ಕ ಮೊದ್ಲು. ಈ ಮಣ್ಣು ಕೈಗೆ ಕೊಟ್ರೆ ಪುಸ್ತಕ ಉಳೀತಾವಾ?" ಎಂದಿದ್ದ. ಅವಳು ಅಳುತ್ತಾ ಹೊಲಕ್ಕೆ ಬಂದಿದ್ದಳು.

"ಹಾಳಾದ್ರೆ ನನ್ನ ಕೇಳ್ತಾರೆ ಅಜ್ಜಿ" ಎಂದ ಓಬಳೇಶ. "ಅವರು ಬಂದು ನೋಡ್ಕಂಡು ಹೋಗ್ಲಿ. ಅಲ್ಲೀತಂಕ ಹೊಸವು ಹೊಸವಾಗೇ ಇರ್ಬೇಕಂತೆ."

"ಓದೋ ಮಕ್ಕಳಿಗೆ ತಂದ್ರೋ, ನೋಡ್ಕಂಡು ಹೋಗೋರಿಗೆ ತಂದ್ರೋ?"

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಪಂಚಾಯಿತಿ ಮೆಂಬರ್ ಪಾಲಯ್ಯ ನಕ್ಕ. "ಏ ಬಸಮ್ಮಕ್ಕ, ಹೊಲಕ್ಕೆ ಹಂದಿ ನುಗ್ಗಿದಂಗೆ ಕೂಗಾಡ್ತಿಯಲ್ಲ. ಅದು ಕಟ್ಟುಕಥೆ ಕಣಮ್ಮ. ಅಂಥ ನಾಡೇ ಇಲ್ಲ."

"ಇಲ್ಲ ಅಂತ ನಂಗೂ ಗೊತ್ತೈತೆ ಪಾಲಯ್ಯ. ಇಲ್ಲದ ನಾಡಿಗೆ ಬೀಗ ಯಾಕೆ ಹಾಕೀರಿ?"

ಪಾಲಯ್ಯ ಮತ್ತೆ ಪೇಪರ್ ಎತ್ತಿಕೊಂಡ. ಬಸಮ್ಮ ಓಬಳೇಶನ ಕಡೆ ತಿರುಗಿದಳು.

"ಒಂದು ಹೆಣ್ಣುಡುಗೀನ ಗವಿಯಾಗೆ ಬಿಟ್ಟು ಕುಂತಿದೀರಿ. ಗಿಡ ಕೀಳ್ತಾ ಕೀಳ್ತಾ ನಂಗೆ ಅವಳದೇ ಗ್ಯಾನ. ಮಣ್ಣು ಕೈ ಅಂದ್ಯಂತೆ ನನ್ನ ಮೊಮ್ಮಗಳಿಗೆ. ಲೇ ಓಬಳೇಶ, ನಿಮ್ಮವ್ವನೂ ನಾನೂ ಒಂದೇ ಸಾಲಿನಾಗೆ ಗಿಡ ಕಿತ್ತೋರು. ಅವಳು ತುತ್ತು ಕೊಟ್ಟಾಗ ಮಣ್ಣು ಕಂಡಿತ್ತೇನಪ್ಪ ನಿನಗೆ?"

ಓಬಳೇಶನ ಮುಖ ಕೆಂಪಾಯಿತು. ಅವನು ಮೇಜಿನ ಡ್ರಾ ಎಳೆದ. ಬೀಗದಕೈ ಸಿಗಲು ಹೊತ್ತು ಹಿಡಿಯಿತು.

"ಹೋಗು, ಕೈ ತೊಳ್ಕಂಡು ಬಾ" ಎಂದಳು ಬಸಮ್ಮ ಮೊಮ್ಮಗಳಿಗೆ. ತಾನೂ ಹೊರಗಿನ ತೊಟ್ಟಿಗೆ ಹೋಗಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದಳು. ಪುಸ್ತಕ ಮುಟ್ಟುವ ಕೆಲಸ ಅವಳಿಗೇನೂ ಇರಲಿಲ್ಲ.

ಗ್ರಂಥಾಲಯದ ಕಟ್ಟೆಯ ಮೇಲೆ ಕೂತು ಮೇಘಶ್ರೀ ಗಟ್ಟಿಯಾಗಿ ಓದಿದಳು. ಕತ್ತಲೆಯಲ್ಲಿ ನೀಲಿಗೆ ನೆರಳುಗಳು ಕಾಣಲಿಲ್ಲ. ಒಂದೊಂದನ್ನೂ ಅದರ ಒಡೆಯರ ಹೆಸರು ಹಿಡಿದು ಕೂಗಿದಳು. ಎಲ್ಲವೂ ಒಟ್ಟಾಗಿ ಬಂಡೆಗೆ ಹೆಗಲು ಕೊಟ್ಟವು. ಬಂಡೆ ಉರುಳಿದಾಗ ಬಸಮ್ಮ "ಹಾಂ!" ಎಂದು ಕಟ್ಟೆ ಬಡಿದಳು. ಒಳಗೆ ಪಾಲಯ್ಯನ ಪೇಪರಿನ ಸದ್ದು ನಿಂತು ಬಹಳ ಹೊತ್ತಾಗಿತ್ತು. ನೆರಳುಗಳು ತಂತಮ್ಮವರನ್ನು ಹುಡುಕಿಕೊಂಡು ಊರೂರಿಗೆ ಓಡಿದವು. ಒಡೆಯರು ಸತ್ತುಹೋಗಿದ್ದ ಕೆಲವು ನೆರಳುಗಳು ಮಾತ್ರ ದಾರಿಯಲ್ಲೇ ನಿಂತವು. ನೀಲಿ ಬಾವಿಯ ಮೆಟ್ಟಿಲು ಹತ್ತಿ ಮನೆಗೆ ಬಂದಳು. ಅವಳ ಹಿಂದೆ ಆ ನಾಡಿನ ಬಾಗಿಲು ಮುಚ್ಚಿಕೊಂಡಿತು.

"ಮುಗೀತು" ಎಂದಳು ಮೇಘಶ್ರೀ.

"ಮುಗೀತಾ? ದಾರಿಯಾಗೆ ನಿಂತ್ಕಂಡವಲ್ಲ, ಅವು ಎಲ್ಲಿಗೆ ಹೋದವು?"

"ಅದು ಬರೆದಿಲ್ಲ ಅಜ್ಜಿ."

"ಬರೆದಿಲ್ಲ ಅಂದ್ರೆ? ಗವಿಯಿಂದ ಬಿಡಿಸಿ ಬಯಲಾಗೆ ಬಿಟ್ಟು ಬಂದ್ಲಾ?" ಬಸಮ್ಮ ಎದ್ದು ನಿಂತಳು. "ಏನಪ್ಪ ಓಬಳೇಶ, ಬರೆದಿಲ್ವಂತೆ!"

ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದ ಓಬಳೇಶ ಅಪರಾಧಿಯಂತೆ ತಲೆ ಕೆರೆದುಕೊಂಡ. "ನಾನು... ನಾನು ಓದಿಲ್ಲ ಅಜ್ಜಿ ಅವನ್ನ."

"ಓದು ಮತ್ತೆ. ಬೀರು ಕಾಯ್ಕಂಡು ಕುಂತಿದೀಯ. ನಡಿ ಮೇಘಾ, ಹೋಗಾಣ."

ದಾರಿಯುದ್ದಕ್ಕೂ ಅವಳ ಸಿಟ್ಟು ಇಳಿಯಲಿಲ್ಲ. ಬೀಗ ಹಾಕಿದವರ ಮೇಲಿದ್ದುದು ಈಗ ಬರೆದವರ ಮೇಲೆ ತಿರುಗಿತ್ತು. ರಾತ್ರಿ ಊಟಕ್ಕೆ ಕೂತಾಗಲೂ "ಅವು ಯಾರನ್ನ ಕೇಳ್ಬೇಕು?" ಎಂದು ಒಮ್ಮೆ ಅಂದಳು.

ಮರುದಿನ ಮಧ್ಯಾಹ್ನ ಶೇಂಗಾ ಕೀಳುವ ಹೆಂಗಸರೆಲ್ಲ ಬುತ್ತಿ ಬಿಚ್ಚಿಕೊಂಡು ಬದುವಿನ ಬೇವಿನ ಮರದಡಿ ಕೂತರು. ಮರ ಚಿಕ್ಕದು, ಒಬ್ಬರಿಗೊಬ್ಬರು ಒತ್ತಿಕೊಂಡೇ ಕೂರಬೇಕು. ಬಸಮ್ಮ ಕೊನೆಯಲ್ಲಿ, ಎರಡಾಳು ಕೂರುವಷ್ಟು ಜಾಗ ಬಿಟ್ಟು, ಕಾಲು ಬಿಸಿಲಿಗೆ ಚಾಚಿಕೊಂಡು ಕೂತಿದ್ದಳು.

"ಈ ಕಡೆ ಸರ್ಕಾ ಬಸಮ್ಮಕ್ಕ, ಕಾಲು ಸುಡ್ತಾವೆ" ಎಂದಳು ಗಂಗಕ್ಕ. "ಜಾಗ ಐತಲ್ಲ."

"ಇರ್ಲಿ ಬಿಡು, ದಾರಿಯಾಗೆ ನಿಂತವು ಬಂದಾವು" ಎಂದು ಬಸಮ್ಮ ರೊಟ್ಟಿ ಮುರಿದಳು.