ಹಾಲ್ಟ್ ಬಸ್ಸಿನ ಸರದಿ

ಅರಳಿಕಟ್ಟೆಯ ಪಕ್ಕ ಬಸ್ಸು ನಿಲ್ಲುತ್ತಿದ್ದ ಜಾಗದಲ್ಲಿ ಆಯಿಲ್ ಕಲೆ ಮಾತ್ರ ಉಳಿದಿತ್ತು. ಅದರ ಮೇಲೆ ನಾಯಿಯೊಂದು ಮುದುರಿಕೊಂಡು ಮಲಗಿತ್ತು. ಗಂಗಾಂಬಿಕೆ ಮೊಬೈಲಿನ ಟಾರ್ಚ್ ಹಾಕಿ, ಮಗಳ ಬ್ಯಾಗನ್ನು ಕಿತ್ತುಕೊಂಡು ತನ್ನ ಹೆಗಲಿಗೆ ಏರಿಸಿದಳು.

"ನಡಿ, ಕ್ರಾಸಿಗೆ ಓಗೋ ಹೊತ್ತಿಗೆ ಬೆಳಕಾಯ್ತದೆ."

"ಕ್ರಾಸಿಗೋದ್ರೂ ಅಷ್ಟೇ ಅಮ್ಮ. ನಿಲ್ಸಲ್ಲ," ಎಂದಳು ದಿವ್ಯಾ. ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಕೊನೆಯ ವರ್ಷ ಅವಳದು. ಬೆಳಗಿನ ಪ್ರಾಕ್ಟಿಕಲ್ ತಪ್ಪಿ ತಪ್ಪಿ ಹಾಜರಿ ಕಡಿಮೆಯಾಗಿತ್ತು. ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಕರೆದು ಹೇಳಿದ್ದರು.

ದೀಪಾವಳಿಯವರೆಗೆ ಈ ತಾಪತ್ರಯ ಇರಲಿಲ್ಲ. ಸಂಜೆ ಬಂದ ಸರ್ಕಾರಿ ಬಸ್ಸು ರಾತ್ರಿ ಊರಲ್ಲೇ ಹಾಲ್ಟ್ ಮಾಡಿ, ನಸುಕಿನಲ್ಲಿ ಕಾಲೇಜಿನ ಹುಡುಗಿಯರನ್ನೂ ಸೊಪ್ಪು ಮಾರುವವರನ್ನೂ ಹತ್ತಿಸಿಕೊಂಡು ಹೊರಡುತ್ತಿತ್ತು. ಆಮೇಲೆ ಒಂದು ಸಂಜೆ ಬರಲಿಲ್ಲ, ಮಾರನೆಯ ಸಂಜೆಯೂ ಬರಲಿಲ್ಲ. ಹೆಂಗಸರಿಗೆ ಟಿಕೆಟ್ ಫ್ರೀ ಮಾಡಿದ ಸರ್ಕಾರ ಬಸ್ಸನ್ನೇ ಮರೆತುಬಿಟ್ಟಿತು ಎಂದು ಊರಿನ ಹೆಂಗಸರು ನಕ್ಕರು. ಬರಬರುತ್ತ ಆ ನಗುವೂ ನಿಂತಿತು.

ಅಂದೂ ಕ್ರಾಸಿನಲ್ಲಿ ಮೊದಲ ಬಸ್ಸು ನಿಲ್ಲಲಿಲ್ಲ. ಎರಡನೆಯದರ ಮೆಟ್ಟಿಲಿನ ಮೇಲೆ ದಿವ್ಯಾಳಿಗೆ ಕಾಲಿಡುವಷ್ಟು ಜಾಗ ಸಿಕ್ಕಿತು. ಅವಳನ್ನು ಹತ್ತಿಸಿದ ಗಂಗಾಂಬಿಕೆ ಮನೆಗೆ ತಿರುಗಲಿಲ್ಲ. ಮುಂದಿನ ಟೆಂಪೊ ಹತ್ತಿ ನೇರ ಡಿಪೊಗೆ ಹೋದಳು.

ಡಿಪೊ ಮ್ಯಾನೇಜರ್ ಗೌರೀಶಂಕರ ಕುರ್ಚಿ ತೋರಿಸಿ ಕೂರಲು ಹೇಳಿದ. ನಿದ್ದೆಗೆಟ್ಟ ಮುಖ. ಕಿಟಕಿಯಾಚೆ ಶೆಡ್ಡಿನಲ್ಲಿ ಬಸ್ಸುಗಳು ಧೂಳು ತಿನ್ನುತ್ತ ನಿಂತಿದ್ದವು.

"ನೋಡಿ ಅಮ್ಮ, ಬಸ್ಸಿದೆ, ಓಡ್ಸೋರಿಲ್ಲ. ರಿಟೈರಾದೋರ ಜಾಗಕ್ಕೆ ಒಬ್ಬರನ್ನೂ ಹಾಕಿಲ್ಲ. ಖರ್ಚು ಕಮ್ಮಿ ಮಾಡಿ, ಒಂದಷ್ಟು ಹಾಲ್ಟ್ ನಿಲ್ಸಿ ಅಂತ ಮೇಲಿಂದ ಬಂತು. ಯಾವ ಊರಿಂದು ನಿಲ್ಸೋಣ ಅಂತ ಡ್ರೈವರುಗಳ್ನೇ ಕೇಳ್ದೆ. ಎಲ್ರೂ ಮೊದಲು ನಿಮ್ಮೂರಿನ ಹೆಸರೇ ಹೇಳಿದ್ರು."

"ಯಾಕೆ ಸಾ?"

"ಅದನ್ನ ನೀವೇ ಅವರನ್ನ ಕೇಳಿ. ಯಾರಾದ್ರೂ ಒಪ್ಪಿ ಹೆಚ್ಚುವರಿ ಡ್ಯೂಟಿ ಮಾಡ್ತೀನಿ ಅಂತ ಬಂದ್ರೆ ಇವತ್ತೇ ಬಸ್ ಬಿಡ್ತೀನಿ. ಬಲವಂತ ಮಾಡೋಕಾಗಲ್ಲ."

ಕೇಳುವ ಅಗತ್ಯವೇನೂ ಇರಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು, ಆ ಕಾರಣದ ಜೊತೆಯಲ್ಲೇ ಅವಳು ಸಂಸಾರ ಮಾಡುತ್ತಿದ್ದಳು.

ಹಾಲ್ಟ್ ಬಸ್ಸಿನವರಿಗೆ ರಾತ್ರಿಯೂಟ ಹಾಕುವುದು ಊರಿನಲ್ಲಿ ಮೊದಲಿನಿಂದಲೂ ಬಂದ ಸರದಿ. ಅದಕ್ಕೊಂದು ಹಿತ್ತಾಳೆ ಚೆಂಬಿತ್ತು. ಚೆಂಬು ಯಾರ ಮನೆಯಲ್ಲಿದೆಯೋ ಅವತ್ತು ಡ್ರೈವರ್, ಕಂಡಕ್ಟರ್ ಇಬ್ಬರಿಗೂ ಅಲ್ಲೇ ಊಟ. ಬೆಳಗ್ಗೆ ಬಸ್ಸು ಹೊರಟ ಮೇಲೆ ಚೆಂಬು ಪಕ್ಕದ ಮನೆಗೆ. ಹೋದ ವರ್ಷ ಅದು ಗಂಗಾಂಬಿಕೆಯ ಮನೆಗೆ ಬಂದಾಗ, ಅವಳ ಗಂಡ ಷಡಕ್ಷರಿ ಅರಳಿಕಟ್ಟೆಯ ಮೇಲೆ ನಿಂತು ಭಾಷಣ ಬಿಗಿದ. ಸರ್ಕಾರದ ಸಂಬಳ ತಿನ್ನುವವರಿಗೆ ನಾವ್ಯಾಕೆ ಮುದ್ದೆ ಕಟ್ಟಬೇಕು ಎಂದು ಕೇಳಿದ. ಅದು ಎಲ್ಲರ ಮನಸ್ಸಿನಲ್ಲೂ ಇದ್ದ ಮಾತೇ. ಸರದಿ ನಿಲ್ಲಿಸಬೇಡ ಎಂದು ಒಬ್ಬರೂ ಹೇಳಲಿಲ್ಲ. ಚೆಂಬು ಷಡಕ್ಷರಿಯ ಮನೆಯ ಅಟ್ಟ ಸೇರಿತು.

ಡಿಪೊ ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ನಂಜಯ್ಯ ಸಿಕ್ಕ. ಊರಿಗೆ ಬಸ್ಸು ತರುತ್ತಿದ್ದ ಡ್ರೈವರ್. ತಲೆ ಪೂರ್ತಿ ನರೆತಿತ್ತು.

"ಬನ್ನಿ ತಾಯಿ," ಎಂದು ಅವನು ಬೆಂಚಿನ ಮೇಲೆ ಜಾಗ ಮಾಡಿದ. "ವಿಚಾರ ಗೊತ್ತು. ಆದ್ರೆ ನಾನು ಬರಾಕಿಲ್ಲ. ನಂಗೆ ಸಕ್ಕರೆ ಕಾಯ್ಲೆ. ಸರದಿ ನಿಂತ್ಮೇಲೆ ಒಂದಿನ ರಾತ್ರಿ ಮಾತ್ರೆ ನುಂಗ್ಬುಟ್ಟಿದ್ದೆ, ಕೈ ನಡುಕ ಬಂದ್ಬುಡ್ತು. ಒಂದು ತುತ್ತು ಅನ್ನ ಕೇಳಾವ ಅಂತ ನಿಮ್ಮ ಬಾಗ್ಲು ತಟ್ಟಿದೆ. 'ಇದು ಓಟ್ಲಲ್ಲ' ಅಂದ್ರು ನಿಮ್ಮ ಯಜಮಾನ್ರು. ಬಾಗ್ಲಾಕ್ಕೊಂಡ್ರು. ಕೊನೆಗೆ ನಮ್ಮ ಕಂಡಕ್ಟರ್ ಅನಿಲ್‌ಕುಮಾರನ ಬ್ಯಾಗಲ್ಲಿದ್ದ ಬಿಸ್ಕತ್ತು ತಿಂದು ಮಲಗ್ದೆ."

"ಅವತ್ತು ನಾನು ಒಳಗೇ ಇದ್ದೆ ನಂಜಯ್ಯಣ್ಣ. ಮಡಕೇಲಿ ಅನ್ನಾನೂ ಇತ್ತು."

ಅವಳಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಆ ನಾಚಿಕೆಯಲ್ಲೇ ಒಂದು ಹಟವೂ ಹುಟ್ಟಿತು.

"ಬಾಗ್ಲು ಹಾಕ್ದೋರು ನೀವಲ್ಲವಲ್ಲ," ಎಂದ ನಂಜಯ್ಯ.

"ನಾನೂ ತೆಗೀಲಿಲ್ಲವಲ್ಲ! ನೀವು ಬರಬೇಕು. ಅದಕ್ಕೆ ಏನು ಮಾಡ್ಬೇಕು ಹೇಳಿ."

ನಂಜಯ್ಯ ಟೀ ಲೋಟ ಕೆಳಗಿಟ್ಟ. "ಹಾಕ್ದೋರೇ ಬಂದು ಕರೀಲಿ. ನಾಳೇನೇ ಬತ್ತೀನಿ."

ಸಂಜೆ ಅವರೆಕಾಯಿ ಸುಲಿಯುತ್ತ ಗಂಗಾಂಬಿಕೆ ವಿಷಯ ಹೇಳಿದಳು. ಷಡಕ್ಷರಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಡ್ರೈವರನ್ನ ಕರ್ಯಾಕೆ ನಾನು ಓಗ್ಬೇಕಾ? ಬಸ್ಸು ಬಿಡೋದು ಸರ್ಕಾರದ ಕೆಲ್ಸ ಕಣೇ. ಅವರು ಜನ ತಗೊಳ್ದೆ ಇದ್ರೆ ಅದಕ್ಕೆ ನಾನು ಮಾಡಿದ್ದೇನು?"

"ಸರ್ಕಾರ ಮಾಡಿದ್ದು ಸರ್ಕಾರದ ತಪ್ಪು. ನಾವು ಮಾಡಿದ್ದು ನಮ್ದು. ಕೈಗೆ ಸಿಗೋದನ್ನಾದ್ರೂ ಸರಿ ಮಾಡ್ರೀ."

"ಇವಳು ಒಂದು ವರ್ಷ ಓದ್ದೇ ಇದ್ರೆ ಏನು ಮುಳುಗೋಯ್ತದೆ?"

ಗಂಗಾಂಬಿಕೆ ಮೊರವನ್ನು ಸದ್ದಾಗುವಂತೆ ಕೆಳಗಿಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಿವ್ಯಾ ಒಳಕ್ಕೆ ಸರಿದದ್ದು ಇಬ್ಬರಿಗೂ ಕಂಡಿತು.

"ನಾಳೆಯಿಂದ ನೀವೇ ಕರ್ಕೊಂಡೋಗಿ ಬಸ್ ಹತ್ಸಿ. ನಾನು ಓಗಲ್ಲ," ಎಂದಳು ಗಂಗಾಂಬಿಕೆ. ಅವಳು ಹಾಗೆ ತೀರ್ಮಾನವಾಗಿ ಮಾತಾಡುವುದು ಅಪರೂಪ. ಷಡಕ್ಷರಿ ಟಿವಿ ಆರಿಸಿದ.

ಮಾರನೆಯ ದಿನ ಅಪ್ಪ ಮಗಳು ಹೊರಟರು. ಷಡಕ್ಷರಿ ಮುಂದೆ, ದಿವ್ಯಾ ಹಿಂದೆ. ರಾಗಿ ಹೊಲಗಳ ಮೇಲೆ ಮಂಜು ಕೂತಿತ್ತು, ಕೆರೆ ಏರಿಯ ಮೇಲೆ ಅವನ ಚಪ್ಪಲಿ ಎರಡು ಸಲ ಜಾರಿತು. ಕ್ರಾಸಿಗೆ ಬಂದಾಗ ಬಾಗೂರಿನ ಕಡೆಯಿಂದ ಬಸ್ಸಿನ ಲೈಟು ಕಾಣಿಸಿತು. ಷಡಕ್ಷರಿ ರಸ್ತೆಯ ನಡುವಿಗೇ ಹೋಗಿ ಕೈಯೆತ್ತಿದ. ಬಾಗಿಲಿನಲ್ಲಿ ಜೋತುಬಿದ್ದವರನ್ನೂ ಹೊತ್ತುಕೊಂಡು ಬಸ್ಸು ಅವನನ್ನು ಬಳಸಿಕೊಂಡು ಮುಂದಕ್ಕೆ ಹೋಯಿತು.

"ಲೇ! ನಿಲ್ಸಲಾ! ಕಣ್ಣು ಕಾಣಕಿಲ್ವೇನ್ಲಾ!" ಎಂದು ಕೂಗುತ್ತ ಷಡಕ್ಷರಿ ಅದರ ಹಿಂದೆ ಓಡಿದ. ಪಂಚೆ ಕಾಲಿಗೆ ಸಿಕ್ಕಿ ನಿಂತ. ತಿರುಗಿ ನೋಡಿದರೆ ದಿವ್ಯಾ ಮೈಲಿಗಲ್ಲಿನ ಮೇಲೆ ಕೂತು ಪುಸ್ತಕ ತೆಗೆದಿದ್ದಳು. ಸಿಟ್ಟಿಲ್ಲ, ಗಾಬರಿಯಿಲ್ಲ. ಅಷ್ಟು ರೂಢಿಯಾಗಿಹೋಗಿತ್ತು ಅವಳಿಗೆ.

"ದಿನಾ ಇಂಗೇ ಅಪ್ಪ. ಕೂತ್ಕೊ."

ಷಡಕ್ಷರಿಗೆ ಕೂರಲಾಗಲಿಲ್ಲ. ಮಗಳು ಇನ್ನೆರಡು ಮಾತು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಹೊತ್ತು ಸಾಕಷ್ಟು ಏರಿದ ಮೇಲೆ ಬಂದ ಟೆಂಪೊದಲ್ಲಿ ಅವಳನ್ನು ಹತ್ತಿಸಿ, ತಾನೂ ಹತ್ತಿದ.

"ನೀನೆಲ್ಲಿಗೆ?" ಎಂದಳು ದಿವ್ಯಾ.

"ಕೆಲ್ಸ ಅದೆ," ಎಂದ.

ಟೀ ಅಂಗಡಿಯಲ್ಲಿ ನಂಜಯ್ಯ ಅವನನ್ನು ಕಂಡೂ ಏಳಲಿಲ್ಲ. ಷಡಕ್ಷರಿ ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ಕೈಗೆ ಸುತ್ತಿಕೊಂಡ.

"ನಂಜಯ್ಯೋರೆ, ಇವತ್ತು ನಮ್ಮನೇದು ಸರದಿ."

"ಸರದಿ ನಿಲ್ಸಿದ್ರಲ್ಲ?"

"ನಿಲ್ಸಿದ್ದೋನು ನಾನೇ. ನಿಮ್ಮನ್ನ ಹಸ್ದೊಟ್ಟೇಲಿ ಕಳ್ಸಿದ್ದೂ ನಾನೇ. ತಪ್ಪಾಯ್ತು. ಬನ್ನಿ."

ನಂಜಯ್ಯ ಅವನ ಕೆಸರಾದ ಚಪ್ಪಲಿಯನ್ನು ನೋಡಿದ. ಅಂಗಡಿಯವನಿಗೆ ಇನ್ನೊಂದು ಟೀ ಹೇಳಿದ.

ಸಂಜೆ ಏರಿಯ ಮೇಲೆ ಹಾರ್ನ್ ಕೇಳಿದಾಗ ಮಕ್ಕಳು ಕೂಗುತ್ತ ಓಡಿದರು. ಆಯಿಲ್ ಕಲೆಯ ಮೇಲಿದ್ದ ನಾಯಿ ತಾನಾಗಿಯೇ ಎದ್ದು ಜಾಗ ಬಿಟ್ಟಿತು. ಅಟ್ಟದಿಂದ ಇಳಿದ ಚೆಂಬು ಹುಣಸೆಹಣ್ಣಿನಲ್ಲಿ ಉಜ್ಜಿಸಿಕೊಂಡು ಜಗಲಿಯ ಮೇಲೆ ಕೂತಿತ್ತು. ನಂಜಯ್ಯ, ಅನಿಲ್‌ಕುಮಾರ್ ಇಬ್ಬರೂ ಕೈಕಾಲು ತೊಳೆದು ಒಳಗೆ ಬಂದರು. ಗಂಗಾಂಬಿಕೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಎರಡನೆಯ ಮುದ್ದೆಯನ್ನು ಷಡಕ್ಷರಿಯೇ ತಂದಿಟ್ಟ.

ಊಟದ ನಡುವೆ ನಂಜಯ್ಯ ಹೇಳಿದ: "ಜೂನ್‌ಗೆ ನಾನೂ ರಿಟೈರು. ನನ್ನ ಸೀಟಿಗೂ ಯಾರನ್ನೂ ಹಾಕಾಕಿಲ್ಲ. ಆಗ ಮತ್ತೆ ನಿಲ್ತದೆ ತಾಯಿ, ಈಗ್ಲೇ ಹೇಳಿವ್ನಿ."

"ಮೇ ತಿಂಗ್ಳಲ್ಲಿ ಇವಳ ಪರೀಕ್ಷೆ ಮುಗೀತದೆ," ಎಂದಳು ಗಂಗಾಂಬಿಕೆ. "ಇವಳ ಹಿಂದೆ ಓದೋ ಹುಡುಗೀರು ಇನ್ನೂ ಅವ್ರೆ. ಜೂನ್‌ಗೆ ಊರೆಲ್ಲ ಡಿಪೊ ಮುಂದೆ ಕೂರ್ತೀವಿ. ಜನ ಹಾಕೋವರ್ಗೂ ಏಳಲ್ಲ."

ಷಡಕ್ಷರಿ ಸಾರಿನ ಪಾತ್ರೆ ಹಿಡಿದು ನಿಂತಿದ್ದ. "ಊರೋರ್ಗೆ ಕಟ್ಟೆ ಮೇಲೆ ನಾನೇ ಹೇಳ್ತೀನಿ," ಎಂದ.

ನಸುಕಿನಲ್ಲಿ ಎಂಜಿನ್ ಸದ್ದಿಗೆ ಊರು ಎಚ್ಚರವಾಯಿತು. ಮುಂದಿನ ಗಾಜಿನ ತುಂಬ ಇಬ್ಬನಿ. ಷಡಕ್ಷರಿ ಚೆಂಬಿನ ನೀರು ಚಿಮುಕಿಸಿ ತನ್ನ ಟವೆಲ್ಲಿನಿಂದ ಒರೆಸಿದ. ದಿವ್ಯಾ ಕಿಟಕಿಯ ಪಕ್ಕ ಕೂತು ಅಮ್ಮನಿಗೆ ಕೈ ಬೀಸಿದಳು. ಬಸ್ಸು ಏರಿ ದಾಟುವವರೆಗೂ ಗಂಗಾಂಬಿಕೆ ಕಟ್ಟೆಯ ಬಳಿಯೇ ನಿಂತಿದ್ದಳು.

ಷಡಕ್ಷರಿ ಚೆಂಬಿನಲ್ಲಿ ಉಳಿದ ನೀರು ಚೆಲ್ಲಿ, ಪಕ್ಕದ ನೀಲಾಂಬಿಕೆಯ ಮನೆಯ ಜಗಲಿ ಹತ್ತಿದ. ಬಾಗಿಲು ಮುಚ್ಚಿತ್ತು. ತಟ್ಟಿದ. ಒಳಗೆ ಪಾತ್ರೆಯ ಸದ್ದು ನಿಂತಿತು, ಯಾರೂ ಬರಲಿಲ್ಲ. ಇನ್ನೊಮ್ಮೆ ತಟ್ಟಿದ.

"ನೀಲಾಂಬಿಕಮ್ಮ, ಇವತ್ತು ನಿಮ್ಮನೇದು."

ಚೆಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವರು ಬಾಗಿಲು ತೆಗೆಯುವುದನ್ನು ಕಾಯುತ್ತ ಅಲ್ಲೇ ನಿಂತ.