ಓಡಿಸದ ಕಾರಿಗೆ ರೇಟು ಜಾಸ್ತಿ

ಸೀಗಡಿ ಅರ್ಧ ಸುಲಿದಿದ್ದೆ, ಅಂಗಳದಲ್ಲಿ ರಿಕ್ಷಾ ನಿಂತಿತು. ಕಾರವಾರದ ಹಬ್ಬುವಾಡದಿಂದ ಕಿಶನ ಬಂದಿದ್ದ. ಅವನು ನನ್ನ ಮೊಮ್ಮಗಳು ಪೂರ್ಣಿಮಾಳನ್ನು ನೋಡಿಹೋಗಿ ಐದು ವಾರವಾಗಿತ್ತು. ನಮ್ಮಿಂದ ಉತ್ತರ ಹೋಗಿರಲಿಲ್ಲ. ಒಪ್ಪಿಗೆ ಅಂತ ಕಾಗದ ಬರೆ ಎಂದು ಮಗ ತುಳಸಿದಾಸ ದಿನಾ ಹೇಳುತ್ತಿದ್ದ. ಹುಡುಗಿ ಹೂಂ ಅನ್ನದೆ ಬರೆಯುವವಳು ನಾನಲ್ಲ. ನಲವತ್ತೆಂಟನೇ ವಯಸ್ಸಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಕೈ, ನಿಧಾನ ಎಂದು ನೆಪ ಹೇಳಿಕೊಂಡು ಬಂದಿದ್ದೆ.

ಕಿಶನನಿಗೆ ಬಂದರಿನ ಆಫೀಸಿನಲ್ಲಿ ಗುಮಾಸ್ತಿಕೆ. ಹುಚ್ಚು ಮಾತ್ರ ಇಟಲಿಯ ಹಳೇ ಕಾರುಗಳದ್ದು. ಚಾ ಬರುವ ಮೊದಲೇ ಚೀಲದಿಂದ ಫೈಲು ತೆಗೆದ. ಒಳಗೆ ಕಾರುಗಳ ಚಿತ್ರ: ಎಡಕ್ಕೆ ಫೆರಾರಿ ಎಫ್ ನಲವತ್ತು, ಬಲಕ್ಕೆ ಲ್ಯಾಂಬೋರ್ಗಿನಿ ಕೌಂಟಾಚ್. ಎರಡಕ್ಕೂ ಪ್ಲಾಸ್ಟಿಕ್ ಹೊದಿಕೆ. ನಮ್ಮ ಮನೆಯ ದೇವರ ಪಟಕ್ಕೂ ಅಷ್ಟು ಮರ್ಯಾದೆ ಇಲ್ಲ.

"ಜೋರು ಯಾವ್ದು ತಮಾ?" ಎಂದ ತುಳಸಿದಾಸ.

"ಫೆರಾರಿ. ಗಂಟೆಗೆ ಮುನ್ನೂರಿಪ್ಪತ್ತು ಕಿಲೋಮೀಟರ್. ಭಾರ ಕಮ್ಮಿ ಆಗ್ಲಿ ಅಂತ ಒಳಗೆ ರೇಡಿಯೋ ಸೈತ ಇಟ್ಟಿಲ್ಲ. ಬಾಗಿಲಿಗೆ ಹಿಡಿ ಇಲ್ಲ, ಒಂದು ತಂತಿ ಎಳೀಬೇಕು."

"ನಮ್ಮ ಕೊಟ್ಟಿಗೆ ಬಾಗಿಲಿಗೂ ತಂತಿಯೇ," ಎಂದೆ.

"ಕೌಂಟಾಚ್ ನೋಡ್ಲಿಕ್ಕೆ ಚೆಂದ, ಅಜ್ಜಿ. ಬಾಗಿಲು ಮೇಲಕ್ಕೆ ಏಳ್ತದೆ. ಹಿಂದೆ ಎಂತದೂ ಕಾಣೂದಿಲ್ಲ. ರಿವರ್ಸ್ ತೆಗೀಬೇಕಾದ್ರೆ ಬಾಗಿಲೆತ್ತಿ, ಅಂಚಿನ ಮೇಲೆ ಕೂತು, ಕುತ್ತಿಗೆ ಹೊರಗೆ ಹಾಕ್ಬೇಕು."

"ನಮ್ಮ ಮಂಜಗುಣಿ ಬಸ್ಸಿಗೆ ಹಿಂದೆ ನೋಡ್ಲಿಕ್ಕೆ ಕಂಡಕ್ಟರಾದ್ರೂ ಇದ್ದಾನೆ," ಎಂದಳು ಪೂರ್ಣಿಮಾ, ಚಾ ಇಡುತ್ತ.

ಕಿಶನ ನಗಲಿಲ್ಲ. "ರೇಟಿನಲ್ಲೂ ಫೆರಾರಿಯೇ ಮೇಲು. ಮಾಡಿದ್ದೇ ಸಾವಿರದ ಮುನ್ನೂರು ಚಿಲ್ಲರೆ. ಅದ್ರಲ್ಲೂ ಓಡಿಸದೆ ಇಟ್ಟದ್ದಕ್ಕೆ ಬೇಡಿಕೆ. ಬಿಸಿಲು ತಾಗ್ಬಾರ್ದು, ಮಳೆ ತಾಗ್ಬಾರ್ದು. ಮುಚ್ಚಿ ಒಳಗೇ ಇಟ್ಟಿರ್ಬೇಕು."

"ಓಡಸೂದೇ ಇಲ್ಲ ಅಂದ್ರೆ ಮುನ್ನೂರಿಪ್ಪತ್ತು ಎಂತಕ್ಕೆ?" ಎಂದೆ.

"ಓಡ್ತದೆ ಅಂತ ನಾಲ್ಕು ಜನಕ್ಕೆ ಗೊತ್ತಿದ್ರೆ ಸಾಕು." ಫೈಲು ಮುಚ್ಚುತ್ತ ತುಳಸಿದಾಸನ ಕಡೆ ತಿರುಗಿದ. "ಮನೇಲಿ ಒಂದು ಮಾತು ಹೇಳಿ ಬಾ ಅಂದಿದ್ರು. ಲಗ್ನದ ಮೇಲೆ ಆಸ್ಪತ್ರೆ ಕೆಲಸ ಬೇಡ. ನರ್ಸ್ ಓದಿದ ಸೊಸೆ ಅಂತ ಹೇಳ್ಕೊಳ್ಲಿಕ್ಕೆ ಚಲೋ. ದಿನಾ ಬಸ್ಸು, ಬಿಸಿಲು ಎಲ್ಲ ಎಂತಕ್ಕೆ?"

ಪೂರ್ಣಿಮಾ ಅಂಕೋಲೆಯ ಆಸ್ಪತ್ರೆ ಸೇರಿ ಮೂರು ವರ್ಷ. ಹೆರಿಗೆ ಕೋಣೆಯಲ್ಲಿ ಅವಳಿಲ್ಲದ ದಿನ ಡಾಕ್ಟರಮ್ಮನಿಗೂ ತಡವರಿಕೆ. ಅವಳು ನನ್ನೆದುರಿನ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

"ಅಜ್ಜಿ, ಉಳಿದ ಸೀಗಡಿ ನಾನು ಸುಲೀತೇನೆ. ನೀನು ಕೈ ತೊಳ್ಕೊಂಡು ಕಾಗದಕ್ಕೆ ಕೂತ್ಕೊ."

ಕಿಶನ ಅದನ್ನು ಒಪ್ಪಿಗೆ ಎಂದೇ ತಿಳಿದು ಖುಷಿಯಿಂದ ರಿಕ್ಷಾ ಹತ್ತಿದ.

"ಸಂಬಳದ ಹುಡುಗ, ಆಯಿ," ಎಂದ ತುಳಸಿದಾಸ, ಮೆಲ್ಲಗೆ.

"ಸಂಬಳ ಇವಳಿಗೂ ಉಂಟು. ನಿನ್ನ ದೋಣಿಯನ್ನ ಎರಡು ವರ್ಷ ತೆಂಗಿನ ಮಡ್ಲು ಮುಚ್ಚಿ ದಡದಲ್ಲಿ ಇಟ್ಟು ನೋಡು, ರೇಟು ಏರ್ತದಾ ಅಂತ."

ನೀರು ಕಾಣದೆ ಹಲಗೆ ಬಾಯಿಬಿಟ್ಟಿದ್ದ ತನ್ನ ಚಿಕ್ಕಪ್ಪನ ದೋಣಿಯನ್ನು ಸೌದೆಗೆ ಒಡೆದವನು ಅವನೇ. ಎದ್ದು ಕಾಗದ, ಪೆನ್ನು ತಂದು ನನ್ನೆದುರು ಇಟ್ಟ.

ಬರೆದೆ: 'ನಮ್ಮ ಹುಡುಗಿ ಮೂರು ವರ್ಷ ಬಿಸಿಲು ಮಳೆಯಲ್ಲಿ ಓಡಿದವಳು. ಇನ್ನೂ ಓಡುವವಳು. ತಮ್ಮ ಲೆಕ್ಕದಲ್ಲಿ ರೇಟು ಇಳಿದಿರಬೇಕು. ಈ ಸಂಬಂಧ ನಮಗೆ ಬೇಡ.'

"ಸ್ವಲ್ಪ ಮೆತ್ತಗೆ ಬರೀಬಹುದಿತ್ತು," ಎಂದ ತುಳಸಿದಾಸ. ಆದರೂ ಅಂಟು ಹಚ್ಚಿ ಲಕೋಟೆ ಮುಚ್ಚಿದವನು ಅವನೇ. ಮರುದಿನ ಬೆಳಗಿನ ಪಾಳಿಗೆ ಹೋಗುವಾಗ ಪೂರ್ಣಿಮಾ ಅದನ್ನು ಅಂಕೋಲೆಯಲ್ಲಿ ಅಂಚೆಪೆಟ್ಟಿಗೆಗೆ ಹಾಕಿದಳು.